ಅಮೃತಬಳ್ಳಿಗೆ ಕೊಟ್ಟ ಗೌರಿ ಹಬ್ಬವನ್ನು ನನಗೆ ವಾಪಸ್ ಕೊಡಿ

ಮಾನ್ಯ ನಿರ್ದೇಶಕರೇ,

ನಿಮ್ಮ ಸಂಶೋಧನಾ ಕೇಂದ್ರ ನನ್ನ ಗಂಡನನ್ನು ಒಂದು ಬಳ್ಳಿಗೆ ಕೊಟ್ಟುಬಿಟ್ಟಿದೆ. ನಮಗೆ ಮದುವೆಯಾಗಿ ಮೂರು ತಿಂಗಳೂ ತುಂಬಿಲ್ಲ! ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಆದರೆ ಹೊಟ್ಟೆಕಿಚ್ಚು ಮಾತ್ರ ಕನ್ನಡದಲ್ಲೇ ಬರುತ್ತದೆ, ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಸವತಿಯ ಹೆಸರು ಅಮೃತಬಳ್ಳಿ. ಎಲೆ ಬೇರೆ ಹೃದಯದ ಆಕಾರದ್ದು. ನನ್ನ ಗಂಡ ಜೀವನ್ ಅದರ ಕಾಂಡವನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಸಾರ ತೆಗೆದು, ಜಾಹೀರಾತಿನವರೆಲ್ಲ ಕೂಗುವ ಆ ಆಂಟಿಆಕ್ಸಿಡೆಂಟ್ ಗುಣ ಅದರಲ್ಲಿ ನಿಜಕ್ಕೂ ಎಷ್ಟಿದೆ ಎಂದು ಪರೀಕ್ಷಿಸುತ್ತಾರೆ. ನೇರಳೆ ಬಣ್ಣದ ದ್ರಾವಣಕ್ಕೆ ಸಾರ ಬೆರೆಸಿ ಸರಿಯಾಗಿ ಅರ್ಧ ಗಂಟೆ ಕತ್ತಲಲ್ಲಿಡಬೇಕು. ಸಾರಕ್ಕೆ ಶಕ್ತಿ ಇದ್ದಷ್ಟೂ ನೇರಳೆ ಮಾಸಿ ಹಳದಿಯಾಗುತ್ತದೆ. ಎಷ್ಟು ಮಾಸಿತೆಂದು ಯಂತ್ರ ಅಳೆಯುತ್ತದೆ. ರಿಸೆಪ್ಷನ್‌ಗೆ ನಾನು ನೇರಳೆ ಸೀರೆ ಉಟ್ಟು ಬಂದಾಗ ಇವರು, "ಅರೆ, ನಮ್ಮ ಲ್ಯಾಬ್ ಕಲರ್!" ಎಂದು ಕಣ್ಣರಳಿಸಿದ್ದರು. ಹೊಗಳಿಕೆ ಅಂದುಕೊಂಡು ಮೂರು ದಿನ ತೇಲಾಡಿದೆ. ಬೆಳಕು ತಾಗದಿರಲೆಂದು ಆ ಬಾಟಲಿಗಳಿಗೆ ಫಾಯಿಲ್ ಸುತ್ತುವ ನಾಜೂಕನ್ನು ನೀವು ನೋಡಬೇಕು! ನನಗೆ ಒಂದು ಶಾಲನ್ನಾದರೂ ಹಾಗೆ ಹೊದಿಸಿದ್ದಾರೆಯೇ?

ನಿಮ್ಮಲ್ಲಿ ಆ ಯಂತ್ರ ಎರಡಿವೆ. ಒಂದು, ಒಳಗಿನ ದೀಪ ಕೆಟ್ಟು, ಹೊಸ ದೀಪ ಕೊಳ್ಳಲು ನಿಮ್ಮ ಸಹಿಗಾಗಿ ಕಾಯುತ್ತಾ ಕಳೆದ ದೀಪಾವಳಿಯಿಂದ ಬಟ್ಟೆ ಹೊದ್ದು ಮಲಗಿದೆ. ದೀಪಾವಳಿಗೆ ನಿಮ್ಮ ಮನೆಯಲ್ಲೂ ಹಣತೆ ಹಚ್ಚಲು ಕಡತ ಮಂಡಿಸುತ್ತಾರೆಯೇ? ಉಳಿದ ಒಂದಕ್ಕೆ ಹದಿನೇಳು ಸಂಶೋಧಕರು. ಇವರ ಸರದಿ ತಿಂಗಳಿಗೊಂದು ದಿನ. ಅದು ಭೀಮನ ಅಮಾವಾಸ್ಯೆಯಂದೇ ಬಂತು.

ಆಷಾಢವೆಂದು ತಿಂಗಳಿಡೀ ನಾನು ಅನ್ನಪೂರ್ಣೇಶ್ವರಿ ನಗರದ ತವರಿನಲ್ಲಿದ್ದೆ. ಗಂಡನ ಪಾದಪೂಜೆಯ ಮೊದಲ ಅಮಾವಾಸ್ಯೆ. ಪೂಜೆ ಮುಗಿದ ಮೇಲೆ ಅರಿಶಿನದ ದಾರವನ್ನು ಅವರೇ ನನ್ನ ಕೈಗೆ ಕಟ್ಟಬೇಕು. ಅಮ್ಮ ಕಡುಬು ಬೇಯಿಸಿಟ್ಟು, "ಅಳಿಯಂದ್ರು ಎಲ್ಲೇ?" ಅಂದರು. "ಬಳ್ಳಿ ಜೊತೆ ಇದಾರಮ್ಮ" ಅಂದವಳೇ ಪೂಜೆ ತಟ್ಟೆ ಹಿಡಿದು ಆಟೋ ಹತ್ತಿ ನಿಮ್ಮ ಗೇಟಿಗೇ ಬಂದೆ.

"ಒಳಗೆ ದೀಪ ಹಚ್ಚಂಗಿಲ್ಲ ಕಣಮ್ಮ, ಸ್ಪಿರಿಟ್ ಇಟ್ಟವ್ರೆ," ಎಂದರು ಕಾವಲಿನ ಉಗ್ರಪ್ಪ. "ಆ ಬೇವಿನ ಮರದಡಿ ಮಾಡ್ಕೊ. ನಿಮ್ಮೆಜಮಾನ್ರನ್ನ ಕರೀತೀನಿ."

ದ್ರಾವಣ ಕತ್ತಲಲ್ಲಿರುವ ಆ ಅರ್ಧ ಗಂಟೆಯಲ್ಲಿ ಜೀವನ್ ಬಿಳಿ ಕೋಟಿನಲ್ಲೇ ಓಡಿಬಂದರು, ಎಷ್ಟು ಮುದ್ದಾಗಿ! ಪಾದ ತೊಳೆದೆ, ಹೂವಿಟ್ಟೆ. ಅವರ ಕಣ್ಣು ಮಾತ್ರ ಮೊಬೈಲಿನ ಟೈಮರ್ ಮೇಲೆ. "ಚೈತ್ರ, ಇನ್ನು ಏಳು ನಿಮಿಷ ಕಣೇ." ನನಗೆ ಉರಿದುಹೋಯಿತು. ಒಪ್ಪಿಕೊಳ್ಳುತ್ತೇನೆ, ಬೇಕೆಂದೇ ಆರತಿಯನ್ನು ನಿಧಾನ ಮಾಡಿದೆ. ಟೈಮರ್ ಕೂಗಿತು. "ಇನ್ನೊಂದು ಸುತ್ತು ರೀ" ಅಂದೆ. ಆಮೇಲೆ ಇನ್ನೂ ಒಂದು. "ಸಾಕು ಬಿಡವ್ವ, ದೇವ್ರಿಗೂ ತಲೆ ತಿರುಗ್ತದೆ," ಎಂದು ಉಗ್ರಪ್ಪನವರು ಅಂದಾಗ, ಇವರು ದಾರ ಕಟ್ಟದೆಯೇ ಓಡಿದರು.

ಆರು ನಿಮಿಷ ತಡ. ಬಣ್ಣ ಹೆಚ್ಚು ಮಾಸಿಬಿಟ್ಟಿತ್ತು. ಹಿಂದಿನ ಅಳತೆಗೆ ಹೊಂದಲಿಲ್ಲ. ಇಡೀ ದಿನದ ಕೆಲಸ ಹಾಳು. ಸಂಜೆ ನನ್ನನ್ನು ಕರೆದೊಯ್ಯಲು ಬಂದವರು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಪ್ಪು ನನ್ನದೇ. ಆದರೆ ಎರಡನೇ ಯಂತ್ರಕ್ಕೆ ದೀಪವಿದ್ದರೆ ಮರುದಿನವೇ ಮತ್ತೆ ಮಾಡಬಹುದಿತ್ತಲ್ಲವೇ? ಈಗ ನಿಮ್ಮ ಕಚೇರಿ ಕೊಟ್ಟಿರುವ ಮುಂದಿನ ಸರದಿ ಗೌರಿ ಹಬ್ಬದಂದು. ನನ್ನ ಮೊದಲ ಗೌರಿ! ಸರದಿ ಬಿಟ್ಟರೆ ಇವರ ಪ್ರಬಂಧ ಇನ್ನೊಂದು ತಿಂಗಳು ಹಿಂದೆ. ಹೋದರೆ, ಅಮ್ಮನಿಗೆ ಬಾಗಿನ ಕೊಡುವಾಗ ನನ್ನ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ? ಈ ಸವತಿ ಹೆಂಗಸಾಗಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಬಳ್ಳಿಗೆ ಏನಂತ ಬೈಯಲಿ?

ಹಬ್ಬಕ್ಕೆ ಮುಂಚೆ ಆ ದೀಪಕ್ಕೆ ಸಹಿ ಹಾಕಿ, ಗಣೇಶನ ಹಬ್ಬವೂ ಮುಗಿದ ಮರುದಿನ ಇವರಿಗೆ ಯಂತ್ರ ಕೊಡಿ. ಅಂದು ನಾನು ನಿಮ್ಮ ಗೇಟಿನ ಹತ್ತಿರವೂ ಸುಳಿಯುವುದಿಲ್ಲ, ಮಾತು ಕೊಡುತ್ತೇನೆ.

ಅಂದು ಕಟ್ಟದೆ ಉಳಿದ ಆ ದಾರವನ್ನು ಗೌರಿ ಹಬ್ಬದಂದೇ ಗಂಡನ ಕೈಯಲ್ಲಿ ಕಟ್ಟಿಸಿಕೋ ಎಂದಿದ್ದಾರೆ ಅಮ್ಮ. ಕಿಟಕಿಯ ಮೊಳೆಗೆ ತೂಗುಹಾಕಿದ್ದೆ. ಅರಿಶಿನ ಮಾಸುತ್ತಿದೆ ಎಂದು ಮೊನ್ನೆ ಇವರಿಗೆ ತೋರಿಸಿದೆ. "ಬೆಳಕಿಗಿಟ್ರೆ ಹಾಗೇ ಆಗೋದು ಕಣೇ," ಎನ್ನುತ್ತಾ ಜೀವನ್ ಬ್ಯಾಗಿನಿಂದ ಫಾಯಿಲ್ ತೆಗೆದು, ಅಂಚು ಮಡಚಿ, ಬಾಟಲಿಗೆ ಸುತ್ತುವಷ್ಟೇ ನಾಜೂಕಾಗಿ ದಾರಕ್ಕೆ ಸುತ್ತಿದರು. ಮೇಲೆ ಚೀಟಿ ಅಂಟಿಸಿ ನನ್ನ ಹೆಸರು ಬರೆದರು.

ಇಂತಿ,
ಹದಿನೇಳು ಜನರ ಹಿಂದೆ ಹದಿನೆಂಟನೆಯವಳಾಗಿ ಸರದಿಗೆ ನಿಂತಿರುವ
ಚೈತ್ರ ಜೀವನ್
ಕುರುಬರಹಳ್ಳಿ