ಹೇಳದೆ ಎದ್ದು ಬಂದ ಮನೆ

ಕೊರ್ತಾಲಿಮ್, ಗೋವಾ
14 ಸೆಪ್ಟೆಂಬರ್ 2024

ಪ್ರೀತಿಯ ನಂದಕ್ಕಾ,

ನಿನ್ನ ತಂಗಿ ಕಾಂಚನಾಳ ನಮಸ್ಕಾರ. ನಾವು ಕ್ಷೇಮ, ಧಾರವಾಡದಲ್ಲಿ ನೀವೆಲ್ಲ ಆರಾಮ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಿರಾಣಿ ಅಂಗಡಿ ಸರಿಯಾಗಿ ನಡೆದಿದೆ. ನನ್ನ ಕೊಂಕಣಿ ಕ್ಲಾಸು ಮುಗಿಯಿತು, ಪರೀಕ್ಷೆಯಲ್ಲಿ ನಾನೇ ಮೊದಲು. ಆದರೆ ಗಿರಾಕಿ ಎದುರು ನಿಂತರೆ ಬಾಯಿ ಏಳುವುದಿಲ್ಲ. ತಪ್ಪಿದರೆ ನಕ್ಕಾರು ಎಂಬ ಹೆದರಿಕೆ. ನಮ್ಮ ಮನೆಯವರು ಅರ್ಧ ಹಿಂದಿ, ಅರ್ಧ ಕೊಂಕಣಿ ಕಲಸಿ ಊರನ್ನೆಲ್ಲ ಮಾತಾಡಿಸುತ್ತಾರೆ. ಜನ ನಕ್ಕರೆ ಅವರಿಗಿಂತ ಜೋರಾಗಿ ತಾವೇ ನಗುತ್ತಾರೆ.

“ನಿಂದು ಪರೀಕ್ಷಾದ ಕೊಂಕಣಿ, ನಂದು ಉಳ್ಳಾಗಡ್ಡಿ ಮಾರೂ ಕೊಂಕಣಿ. ಅಂಗಡ್ಯಾಗ ಯಾವುದು ಖರ್ಚಾತು ನೋಡು,” ಎಂದು ಕೆಣಕುತ್ತಾರೆ. ಮೈ ಉರಿಯುತ್ತದೆ ಅಕ್ಕಾ. “ಭಾಷೆ ಬಂದಿದೆ, ನಾಚಿಕೆ ಹೋಗಿಲ್ಲ,” ಎಂದರು ಕ್ಲಾಸಿನ ಮೇಷ್ಟ್ರು. ಅದನ್ನು ಕಳೆಯುವ ಪಾಠ ಅವರ ಪುಸ್ತಕದಲ್ಲಿ ಎಲ್ಲಿತ್ತು?

ಹೋದ ತಿಂಗಳು ಪಕ್ಕದ ಮನೆಯ ಎಸ್ಪೆರಾನ್ಸಾ ಬಾಯಿಯ ಗಂಡ ತೀರಿಕೊಂಡರು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿಕೊಂಡು ನಮ್ಮ ಮನೆಯವರ ಸಂಗಡ ಹೋದೆ. ಇವರು ನನಗಿಂತ ಮೊದಲೇ ಬಾಯಿಯ ಕೈ ಹಿಡಿದು, ತಮ್ಮ ಹರಕು ಕೊಂಕಣಿಯಲ್ಲಿ, “ಇನ್ನು ನನ್ನ ಸಂಗಡ ಉಳ್ಳಾಗಡ್ಡಿ ರೇಟಿಗೆ ಜಗಳಾಡುವವರು ಯಾರು ಬಾಯಿ?” ಎಂದುಬಿಟ್ಟರು. ಆಕೆ ಅಳುತ್ತಲೇ ನಕ್ಕರು. ಆಮೇಲೆ ನನ್ನ ಮುಖ ನೋಡಿದರು. ಅಷ್ಟು ಜನರೆದುರು ನನ್ನ ನಾಲಿಗೆ ಹೊರಳಲೇ ಇಲ್ಲ. ಸಾವಿನ ಮನೆಯಿಂದ ‘ಬರ್ತೀನಿ’ ಎನ್ನದೆ ಏಳುವುದು ನಮ್ಮ ಕಡೆಯ ರೂಢಿಯಲ್ಲವೇ? ಹಾಗೆಯೇ ಎದ್ದು ಬಂದೆ.

ಎರಡು ದಿನ ಬಿಟ್ಟು ಎಸ್ಪೆರಾನ್ಸಾ ಬಾಯಿ ಅಂಗಡಿಗೆ ಬಂದರು. ನಾನು ಅಕ್ಕಿ ಮೂಟೆಗಳ ಹಿಂದಿದ್ದೆ. “ಯಶವಂತ, ನಿನ್ನ ಹೆಂಡತಿಗೆ ನನಗೆ ಹೇಳಲು ಒಂದು ಮಾತೂ ಇರಲಿಲ್ಲವೇ? ಹೇಳದೆಯೇ ಎದ್ದು ಹೋದಳಲ್ಲ,” ಎಂದು ಕೊಂಕಣಿಯಲ್ಲಿ ಕೇಳಿದರು. ಎಲ್ಲ ಅರ್ಥವಾಯಿತು. ಅವರು ಹೋಗುವವರೆಗೂ ಮೂಟೆಗಳ ಹಿಂದೆಯೇ ಅಡಗಿದ್ದೆ.

ನಮ್ಮ ರೂಢಿಯನ್ನು ನೀವೇ ತಿಳಿಸಿ ಹೇಳಿ ಎಂದು ಇವರನ್ನು ಬೇಡಿಕೊಂಡೆ. “ನೀನ ಹೋಗಿ ಹೇಳು. ನಾ ಹೇಳಿದ್ರ ಅದು ಅಂಗಡಿ ಮಾತಾಕ್ಕೈತಿ,” ಎಂದರು. ಒಮ್ಮೆ ಅವರ ಮನೆಯ ಗೇಟಿನವರೆಗೆ ಹೋಗಿ ಮರಳಿದ್ದೇನೆ. ಅವರು ಜಗಲಿಯಲ್ಲೇ ಕುಳಿತಿದ್ದರು, ನೋಡಿಯೂ ಕರೆಯಲಿಲ್ಲ. ನಾಳೆ ಅವರ ಮನೆಯಲ್ಲಿ ಗಂಡ ತೀರಿ ತಿಂಗಳಾದ ಪ್ರಾರ್ಥನೆ. ಈ ಸಲವೂ ಬಾಯಿ ಕಟ್ಟಿದರೆ ಆ ಬಾಗಿಲು ನನಗೆ ಮುಚ್ಚಿದಂತೆಯೇ.

ಮಾಮಾಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ನೂರು ಕಾಲ ಬಾಳಲಿ.

ನಿನ್ನ ತಂಗಿ,
ಕಾಂಚನಾ

ತಾ.ಕ.: ಹೋದ ವರ್ಷ ಜ್ವರವೆಂದು ನಿನಗೆ ತಿಳಿಸಿದ್ದೆ. ಜ್ವರವಲ್ಲ ಅಕ್ಕಾ, ಐದು ತಿಂಗಳ ಬಸಿರು ಹೋಗಿತ್ತು. ಕಣ್ಣಲ್ಲಿ ಹನಿ ನೀರಿಲ್ಲದೆ ಗೋಡೆ ನೋಡುತ್ತ ಮಲಗಿದ್ದೆ. ಎಸ್ಪೆರಾನ್ಸಾ ಬಾಯಿ ಇವರ ಹತ್ತಿರ ಒಂದೇ ಒಂದು ಕನ್ನಡ ಮಾತು ಕೇಳಿ ಕಲಿತು ಒಳಗೆ ಬಂದರು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಅಳು, ಬಾಯಿ, ಅಳು,” ಎಂದರು. ಅವರ ಬಾಯಲ್ಲಿ ಆ ಮಾತು ಸರಿಯಾಗಿ ಹೊರಡಲೂ ಇಲ್ಲ. ನಾನು ಸಂಜೆಯವರೆಗೂ ಅತ್ತಿದ್ದೆ.