ಹಲ್ಲಿನ ಸೆಟ್ಟಿಗೆ ಬದಲು ಬಂದ ಬಾಯಿ ವ್ಯಾಯಾಮ

ದಂತ ಶಿಬಿರಗಳ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ಅಮ್ಮನ ಹಲ್ಲು ಎಲ್ಲಿ? ೧೯೮೩ರ ನವೆಂಬರಿನಲ್ಲಿ ತಾವು ಕಾಸರಕೋಡದಲ್ಲಿ ಶಿಬಿರ ಹೂಡಿ, ಮೀನು ಮಾರುವ ದುರ್ಗಮ್ಮನ ಬಾಯಲ್ಲಿ ಉಳಿದಿದ್ದ ಒಂಬತ್ತು ಹಲ್ಲುಗಳನ್ನೂ ಕಿತ್ತಿರಿ. ಮೇಣದಲ್ಲಿ ಅಚ್ಚು ತೆಗೆದು, ಎರಡು ತಿಂಗಳಲ್ಲಿ ಹೊಸ ಸೆಟ್ಟು ಎಂದಿರಿ. ಹದಿನಾರು ತಿಂಗಳಾದ ಮೇಲೆ ಬಂದದ್ದು ಸೆಟ್ಟಲ್ಲ, ಸೈಕ್ಲೋಸ್ಟೈಲ್ ಮಾಡಿದ ಒಂದು ಹಾಳೆ. ವೃದ್ಧರು ದಿನಕ್ಕೆ ಮೂರು ಸಲ ಕೆನ್ನೆ ಉಬ್ಬಿಸಬೇಕಂತೆ, ನಾಲಗೆ ಸುತ್ತಿಸಬೇಕಂತೆ, ಗದ್ದ ಎತ್ತಿ ಬಾಯಿ ಅಗಲಿಸಬೇಕಂತೆ. ಇದರಿಂದ ಜೊಲ್ಲು ಊರಿ ಅಗಿಯುವ ಶಕ್ತಿ ಹೆಚ್ಚುತ್ತದಂತೆ. ಆಹಾ! ಯಾವುದರಿಂದ ಅಗಿಯಬೇಕೆಂದು ಹಾಳೆಯ ಹಿಂಬದಿಯಲ್ಲೂ ಹುಡುಕಿದೆ. ಅಲ್ಲಿ ಏನೂ ಇರಲಿಲ್ಲ. ತಮ್ಮ ಕಚೇರಿಗೆ ನಾಲ್ಕು ಸಲ ಬಂದೆ. "ಫೈಲು ಮೇಲೆ ಹೋಗಿದೆ" ಎಂದರು. ಅಚ್ಚಿನ ಮೇಣವೂ ಅದರೊಟ್ಟಿಗೆ ಮೇಲೆ ಹೋಗಿ ಕರಗಿತೇ?

ಹಲ್ಲಿಲ್ಲದ ಬಾಯಲ್ಲಿ ಮಾತು ಬರೀ ಗಾಳಿಯಾಗಿ, ಅಮ್ಮ ಓಣಿಯಲ್ಲಿ ಮೀನು ಕೂಗಿ ಮಾರುವುದನ್ನೇ ಬಿಟ್ಟಳು. ಬುಟ್ಟಿ ನನ್ನ ಹೆಂಡತಿ ಸುಬ್ಬಿಯ ತಲೆಗೆ ಬಂತು. ಗಂಜಿ ಕುಡಿದೂ ಕುಡಿದೂ ಅಮ್ಮ ಕಡ್ಡಿಯಾದಳು. ಆದರೂ ಸರಕಾರದ ಮಾತೆಂದರೆ ಅವಳಿಗೆ ದೇವರ ಮಾತು. ದೋಣಿಗಳು ಮೀನು ಇಳಿಸುವ ದಕ್ಕೆಯಲ್ಲಿ ಕೂತೇ ವ್ಯಾಯಾಮ ಶುರು ಹಚ್ಚಿದಳು. ನಮ್ಮ ಮೀನು ಹರಾಜಿನಲ್ಲಿ ಬೆಲೆ ಏರಿಸುವವರು ಬಾಯಿ ಬಿಡುವುದಿಲ್ಲ, ಗದ್ದ ಎತ್ತಿದರೆ ಸಾಕು. ಒಂದು ಬೆಳಿಗ್ಗೆ ಅಮ್ಮ ಮೂರು ಸಲ ಎತ್ತಿದಳು.

"ಆತು! ಎರಡು ಬುಟ್ಟಿ ಬಂಗಡೆ ದುರ್ಗಮ್ಮಂಗೆ!" ಎಂದ ಹರಾಜು ಕೂಗುವ ಪಾಂಡು.

"ಎಂತ ಆತು? ನಾ ಗದ್ದ ಎತ್ತಿದ್ದು ವ್ಯಾಯಾಮಕ್ಕೆ ಮಾರಾಯ!"

"ಎತ್ತಿದ್ದು ಎತ್ತಿದ್ದೇ. ಬುಟ್ಟಿ ತಕೊ."

ಸುಬ್ಬಿ ಅಷ್ಟರಲ್ಲಿ ಪೇಟೆಗೆ ಹೋಗಿಯಾಗಿತ್ತು. ಬೇರೆ ದಾರಿಯಿಲ್ಲದೆ ಅಮ್ಮನೇ ಓಣಿಗಿಳಿದು ಕೂಗಿದಳು. ಸತ್ಯ ಹೇಳುತ್ತೇನೆ ಸ್ವಾಮಿ, ತಮ್ಮ ವ್ಯಾಯಾಮ ಫಲಿಸಿದೆ. ಹಳೆಯ ದನಿ ಮರಳಿ ಬಂದು, ಮಧ್ಯಾಹ್ನದೊಳಗೆ ಎರಡೂ ಬುಟ್ಟಿ ಖಾಲಿ. ಆ ಖುಷಿಯಲ್ಲಿ ಮನೆಗೆ ಬಂದವಳೇ ಸುಟ್ಟ ಒಣಮೀನಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡಳು. ಅತ್ತಿತ್ತ ಹೊರಳಿಸಿ, ನಾನು ನೋಡಲಿಲ್ಲವೆಂದುಕೊಂಡು ಬೆಕ್ಕಿಗೆ ಉಗುಳಿದಳು. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಈ ಪತ್ರ ಆ ಸಿಟ್ಟಿನದು.

ಈ ತಿಂಗಳೊಳಗೆ ಅಮ್ಮನ ಸೆಟ್ಟು ಮನೆಗೆ ಬರಬೇಕು. ಬಾರದಿದ್ದರೆ ಮುಂದಿನ ತಿಂಗಳ ಮೊದಲ ಸೋಮವಾರ ಅವಳು ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತು ವ್ಯಾಯಾಮ ಮಾಡಿ ತೋರಿಸುತ್ತಾಳೆ. ಮೊದಲು ಕೆನ್ನೆ ಉಬ್ಬಿಸುತ್ತಾಳೆ, ಆಮೇಲೆ ನಾಲಗೆ ಬಿಚ್ಚುತ್ತಾಳೆ. ಆ ನಾಲಗೆಗೆ ಶಕ್ತಿ ಕೊಟ್ಟವರು ತಾವೇ.

ಇಂತಿ,
ಅಮ್ಮನೆದುರು ಒಣಮೀನು ಅಗಿಯಲು ನಾಚುವ ಮಗ,
ದೇವು, ಕಾಸರಕೋಡ