ಮೇಜು ಮಟ್ಟಸವಾಗಿಯೇ ಇತ್ತು

ನವೆಂಬರ್ ೯, ಭಾನುವಾರ ಸಂಜೆ

ಪ್ರೀತಿಯ ಅಕ್ಕನಿಗೆ,

ಆಪರೇಷನ್ ಆಯಿತು, ಇವರ ಬೆರಳುಗಳು ನೆಟ್ಟಗಾದವು ಎಂದು ತಿಳಿಸಿದ ಮೇಲೆ ನಿನಗೆ ಕಾಗದ ಹಾಕಿಲ್ಲ. ನಿನ್ನ ಎರಡೂ ಪತ್ರ ತಲುಪಿವೆ. ಬೇಸರಪಡಬೇಡ. 'ಎಲ್ಲರೂ ಕ್ಷೇಮ' ಎಂದು ಬರೆಯಲು ಕೂತಾಗಲೆಲ್ಲ ಮುಂದಕ್ಕೆ ಹೋಗಲಾಗಲಿಲ್ಲ.

ನಾಳೆ ಇವರು ಹೊಲಿಗೆ ಅಂಗಡಿಯ ಯಜಮಾನರಿಗೆ ಕೆಲಸ ಬಿಡುವುದಾಗಿ ಹೇಳಲಿದ್ದಾರೆ. ಸ್ವಂತ ಅಂಗಡಿಗೆ ಜಾಗ ನೋಡಿಯಾಗಿದೆ. ಬಗ್ಗಿದ ಬೆರಳಿಗೆಂದು ಹಿಡಿ ಅಗಲ ಮಾಡಿಸಿದ್ದ ಕತ್ತರಿಯನ್ನು ಗುಜರಿಗೆ ಹಾಕಿ, "ಇನ್ನು ಇದರ ಹಂಗಿಲ್ಲ ಕಣೇ" ಎಂದರು.

ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡೇ ಹೇಳಿದ್ದರು. "ಚಿಕ್ಕ ವಯಸ್ಸಿಗೇ ಶುರುವಾಗಿದೆ, ಎರಡೂ ಕೈಯಲ್ಲಿದೆ, ತಂದೆಗೂ ಇತ್ತು ಅಂತೀರಿ. ಇಂಥವರಿಗೆ ಮತ್ತೆ ಬರೋದೇ ಹೆಚ್ಚು. ಯಾವಾಗ ಅಂತ ಹೇಳಕ್ಕಾಗಲ್ಲ." ಇವರ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

ಹೋದ ವಾರ ಎಣ್ಣೆ ತಿಕ್ಕುವಾಗ, ಗಾಯದ ಗೆರೆಯ ಪಕ್ಕದಲ್ಲಿ ಕಾಳಿನಷ್ಟು ಗಂಟು ನನ್ನ ಬೆರಳಿಗೆ ಸಿಕ್ಕಿತು. ಮೊದಲ ಸಲ ಬೆರಳು ಬಗ್ಗಿದ್ದೂ ಇಂಥ ಗಂಟಿನಿಂದಲೇ; ಇವರಿಗೆ ಹೇಳದೆ ಎಣ್ಣೆ ತಿಕ್ಕಿ ಮುಗಿಸಿದೆ. ಅಂಗೈ ಮೇಜಿಗೆ ಪೂರ್ತಿ ಅಂಟುತ್ತದೆಯೇ ಎಂದು ಆಗಾಗ ನೋಡಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದ್ದರಲ್ಲ, ಮೊನ್ನೆ ಇವರು ಹಾಗೆ ಇಟ್ಟಾಗ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಅಂಗೈ ಅಡಿಗೆ ನುಸುಳಿತು. "ಮೇಜೇ ಸೊಟ್ಟಗಿದೆ" ಎಂದು ಪಕ್ಕದ ಮನೆಯ ಬಡಗಿಯನ್ನು ಕರೆತಂದರು.

ಅವನು ಮೇಜಿನ ಮೇಲೆ ರಸಮಟ್ಟ ಇಟ್ಟು ಅದರ ಗುಳ್ಳೆ ನೋಡಿದ. "ಮೇಜಿಗೇನಾಗಿದೆ ಮಾಸ್ಟರೇ? ನೀರು ಚೆಲ್ಲಿದ್ರೂ ಹರಿಯಲ್ಲ."

"ಹಾಗಾದ್ರೆ ನಿನ್ನ ರಸಮಟ್ಟ ಕುಡಿದು ಬಂದಿದೆ."

ಬಡಗಿ ನಕ್ಕ. ಇವರು ನನ್ನ ಮುಖ ನೋಡಿದರು.

"ಸ್ವಲ್ಪ ಸೊಟ್ಟ ಇದೆ ಅನ್ಸುತ್ತೆ" ಎಂದೆ.

ಬಡಗಿ ಚೀಲ ಎತ್ತಿಕೊಂಡು ಹೊರಟುಹೋದ. ಇವರು ಮೇಜಿನ ಒಂದು ಕಾಲಿನ ಕೆಳಗೆ ರಟ್ಟು ಮಡಚಿಟ್ಟರು. ಈಗ ಅದು ನಿಜಕ್ಕೂ ಅಲುಗಾಡುತ್ತಿದೆ.

ಭಾವನಿಗೆ ನಮಸ್ಕಾರ. ಮಕ್ಕಳು ಚೆನ್ನಾಗಿರಲಿ, ಅವರ ಕೈಕಾಲು ಗಟ್ಟಿಯಾಗಿರಲಿ.

ನಿನ್ನ ತಂಗಿ

ಸಹಿ ಹಾಕಿದ ಮೇಲೆ: ಎಷ್ಟೋ ವರ್ಷ ಇವರ ಅಂಗಿಗೆ ಗುಂಡಿ ಹಾಕಿದವಳು ನಾನು. ಬೆರಳು ನೆಟ್ಟಗಾದ ಮೇಲೆ ತಾವೇ ಹಾಕಿಕೊಂಡು, ನನ್ನ ಕಡೆ ನೋಡದೆ ಹೊರಟುಬಿಡುತ್ತಾರೆ. ಆ ಗಂಟು ಸಿಕ್ಕಾಗ, ಅಕ್ಕಾ, ಭಯಕ್ಕಿಂತ ಮೊದಲು ನನಗೆ ಸಮಾಧಾನವಾಯಿತು. ಹೇಳಹೋದರೆ ಆ ಸಮಾಧಾನ ನನ್ನ ಮುಖದಲ್ಲಿ ಕಂಡೀತೆಂದು ಇಷ್ಟು ದಿನ ಸುಮ್ಮನಿದ್ದೆ. ಒಳಗೆ ಇವರು ನಾಳೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾರೆ. ಬೆಳಿಗ್ಗೆ ಇವರು ಹೊರಡುವ ಮೊದಲು ಗಂಟಿನ ವಿಷಯ ಹೇಳಿಬಿಡುತ್ತೇನೆ.